ಎಲ್ಲಾಬಲ್ಲ ಭಾವನೂ ಪೈಪಿನ ಕಡಜಗಳೂ

ಗಂಡ ತೀರಿಕೊಂಡ ಮೇಲೆ ದರ್ಜಿ ಹೆಂಗಸಿಗೆ ಉಳಿದದ್ದು ಒಂದು ಹೊಲಿಗೆ ಮಿಷನ್ನು, ಎರಡು ಕೋಣೆಯ ಮನೆ, ಮತ್ತು ಗಂಡನ ಅಣ್ಣ. ಮೊದಲ ಎರಡರಿಂದ ಉಪಯೋಗವಿತ್ತು. ಭಾವ ಮೂವತ್ತು ವರ್ಷ ಯಾವುದೋ ಕಚೇರಿಯಲ್ಲಿ ಮೊಹರು ಒತ್ತಿ ನಿವೃತ್ತನಾದವನು. ಒತ್ತಲು ಬೇರೇನೂ ಸಿಗದೆ ಈಗ ತನ್ನ ಅಭಿಪ್ರಾಯಗಳನ್ನೇ ಕಂಡಕಂಡವರ ಮೇಲೆ ಒತ್ತುತ್ತಿದ್ದ. ಬೀದಿಯವರು ಅವನನ್ನು ಎಲ್ಲಾಬಲ್ಲ ಎನ್ನುತ್ತಿದ್ದರು. ಅವನು ಅದನ್ನು ಬಿರುದೆಂದೇ ತಿಳಿದಿದ್ದ.

ಆ ಬೇಸಿಗೆಯಲ್ಲಿ ಹೊರದೇಶದ ಕಡಜ ಊರಿಗೆ ಬಂದಿದೆಯೆಂದು ಸುದ್ದಿ ಹಬ್ಬಿತು. ಭಾವ ಒಂದು ಮಧ್ಯಾಹ್ನ ಮೊಬೈಲು ತಿಕ್ಕಿ ಪಂಡಿತನಾದ. ಅಂಗಳದ ಗೋಡೆಗೆ ಅಂಟಿದ್ದ ಮಣ್ಣಿನ ಗೂಡನ್ನು ತೋರಿಸಿ, ಶತ್ರು ಇಲ್ಲೇ ಬೀಡುಬಿಟ್ಟಿದ್ದಾನೆ ಎಂದು ಸಾರಿದ.

ದರ್ಜಿಯದು ದಿನವಿಡೀ ಸೂಜಿಗೆ ದಾರ ಪೋಣಿಸುವ ಕಣ್ಣು. ಮಣ್ಣಿನ ಗೂಡಿಗೆ ಬರುವ ಹುಳು ಕಪ್ಪಗೆ, ದಾರದಂಥ ಸೊಂಟದ್ದು, ಒಂಟಿ. ಜೇಡ ತಂದು ತುಂಬಿಸಿ ತನ್ನ ಪಾಡಿಗೆ ಹೋಗುತ್ತಿತ್ತು. ಬಟ್ಟೆ ಒಣಹಾಕುವ ಕಬ್ಬಿಣದ ಪೈಪಿನ ತೆರೆದ ತುದಿಯಲ್ಲಿ ಹೊಕ್ಕು ಹೊರಡುತ್ತಿದ್ದವೇ ಬೇರೆ. ಹಳದಿ ಕಪ್ಪು ಪಟ್ಟೆ, ಕಿತ್ತಳೆ ಬಣ್ಣದ ಮೀಸೆ, ಹಾರುವಾಗ ಜೋತಾಡುವ ಹಿಂಗಾಲು.

"ಭಾವ, ಗೋಡೆ ಮೇಲಿನದು ಪಾಪದ್ದು. ನೀವು ಆ ಪೈಪು ನೋಡಿ," ಎಂದಳು.

"ನೀನು ಗುಂಡಿ ಕಾಜಾ ನೋಡ್ಕೊಳಮ್ಮ," ಎಂದ ಭಾವ.

ಮರುದಿನ ನಡುಮಧ್ಯಾಹ್ನ ದಂಡಯಾತ್ರೆ ಹೊರಟಿತು. ತಮ್ಮನ ಹಳೆಯ ರೇನ್‌ಕೋಟು ತೊಟ್ಟು, ಗಿರಾಕಿಯೊಬ್ಬರು ಅಂಚು ಹೊಲಿಯಲು ಕೊಟ್ಟಿದ್ದ ಬಲೆಯ ಪರದೆಯನ್ನು ಕೇಳದೆಯೇ ತಲೆಗೆ ಸುತ್ತಿಕೊಂಡ ಭಾವ, ಪೊರಕೆಯ ಹಿಡಿಯಿಂದ ಮಣ್ಣಿನ ಗೂಡನ್ನು ಕುಟ್ಟಿ ಉದುರಿಸಿದ. ಒಂದು ಹಿಡಿ ಮಣ್ಣು, ನಾಲ್ಕು ಒಣ ಜೇಡ ಬಿದ್ದವು. ಗೆದ್ದವನಂತೆ ಮುಸುಕೆತ್ತಿ, ಬೇಲಿಯಾಚೆ ನೆರೆದವರಿಗೆ ಭಾಷಣ ಶುರುಮಾಡಿದ. ಮಾತಿಗೆ ತೂಕ ಬರಲೆಂದು ಪೊರಕೆಯ ಹಿಡಿಯಿಂದ ಪೈಪಿಗೆ ಠಣ್ಣೆಂದು ಹೊಡೆದ.

ಕಡಜಗಳಿಗೆ ಭಾವನೆಂಬ ಮುಲಾಜಿರಲಿಲ್ಲ. ಒಂದು ಕೆಳತುಟಿಗೆ ಚುಚ್ಚಿತು. ಇನ್ನೆರಡು ರೇನ್‌ಕೋಟಿನ ಹಿಂದಿನ ಸೀಳಿನಲ್ಲಿ ಹೊಕ್ಕು, ಮೂವತ್ತು ವರ್ಷ ಕುರ್ಚಿ ಸವೆಸಿದ ಜಾಗವನ್ನು ಹುಡುಕಿಕೊಂಡವು. ಶ್ರೋತೃಗಳು ಕಾಲಿಗೆ ಬುದ್ಧಿ ಹೇಳಿದರು.

ದರ್ಜಿ ಅವನನ್ನು ದರದರ ಒಳಗೆಳೆದು ಬಾಗಿಲು ಮುಚ್ಚಿದಳು. ಡಾಕ್ಟರಿಗೆ ಫೋನು ಮಾಡಿದಾಗ, ಉಸಿರಿಗೆ ತೊಂದರೆಯಾದರೆ, ಗಂಟಲು ಊದಿದರೆ ತಕ್ಷಣ ಕರೆತನ್ನಿ ಎಂದರು. ತುಟಿಗೆ ಐಸ್ ಒತ್ತಿ ಹಿಡಿದು, ಅವನ ಎದೆಯ ಏರಿಳಿತವನ್ನೇ ನೋಡುತ್ತ ಎರಡು ಗಂಟೆ ಕೂತಳು. ಭಾವ ಮಗುವಿನಂತೆ ಅವಳ ಕೈ ಬಿಡಲೇ ಇಲ್ಲ. ಉಸಿರು ಸರಿಯಾಗಿಯೇ ಇತ್ತು. ತುಟಿ ಮಾತ್ರ ಬದನೆಕಾಯಿಯಾಗಿತ್ತು.

ಮಾರನೆಯ ದಿನ ಹುಳುಗಳಿಗೆ ಔಷಧಿ ಹೊಡೆಯುವವಳು ಬಂದಳು. ದರ್ಜಿ ಹೇಳಿದ ಕುರುಹುಗಳನ್ನು ಕೇಳಿ, ಪೈಪಿನತ್ತ ದೂರದಿಂದಲೇ ಕಣ್ಣು ಹಾಯಿಸಿ ತಲೆದೂಗಿದಳು.

"ಹೊರದೇಶದ್ದು ಇದೇ. ಮಧ್ಯಾಹ್ನ ಕೆಣಕಿದ್ರೆ ಅರ್ಧ ಸಂಸಾರ ಹೊರಗಿರುತ್ತೆ. ಹೊತ್ತು ಮುಳುಗಲಿ, ಎಲ್ಲಾ ಗೂಡು ಸೇರ್ತವೆ."

ಮಣ್ಣಿನ ಗೂಡು ಒಡೆದ ಪುಣ್ಯಾತ್ಮ ಯಾರೆಂದೂ ಕೇಳಿದಳು. ಭಾವನಿಗೆ ವಾದಿಸುವ ಆಸೆಯಿತ್ತು, ತುಟಿ ಒಪ್ಪಲಿಲ್ಲ.

ಮುಸ್ಸಂಜೆ ಔಷಧಿಯವಳು ಪೈಪಿನೊಳಗೆ ವಿಷದ ಪುಡಿ ಊದಿದಳು. ಬೆಳಗ್ಗೆ ಬೂದು ಕಾಗದದಂಥ ಗೂಡು ಚೂರುಚೂರಾಗಿ ಹೊರಬಂತು. ಪೈಪಿನ ಎರಡೂ ಬಾಯಿಗೆ ದರ್ಜಿ ತಂತಿಬಲೆ ಕಟ್ಟಿದಳು. ನಾಲ್ಕನೆಯ ದಿನಕ್ಕೆ ತುಟಿ ಇಳಿದದ್ದೇ ತಡ, ಮೀಸೆಯ ಬಣ್ಣದಿಂದಲೇ ಕಡಜವನ್ನು ತಾನು ಗುರುತು ಹಿಡಿದ ಬಗೆಯನ್ನು ಭಾವ ಬೀದಿಗೆಲ್ಲ ವಿವರಿಸತೊಡಗಿದ. ಅವಳು ತಿದ್ದಲಿಲ್ಲ, ಪರದೆಗೆ ಅಂಟಿದ ಮಣ್ಣು ಒಗೆಯಲು ಮಾತ್ರ ಅವನನ್ನೇ ಕೂರಿಸಿದಳು.

ಮುಂದಿನ ವರ್ಷ ಬಿಸಿಲೇರುವ ಹೊತ್ತಿಗೆ, ಕಿಟಕಿಯ ಮೇಲಿನ ಬಿಸಿಲುಮರೆಯ ಅಡಿಯಲ್ಲಿ ಕಿತ್ತಳೆ ಮೀಸೆಯ ರಾಣಿಯೊಬ್ಬಳು ಅಂಗಿಯ ಗುಂಡಿಯಷ್ಟು ಗೂಡು ಶುರುಮಾಡಿದ್ದಳು. ಆಳಿಲ್ಲ ಕಾಳಿಲ್ಲ, ಒಬ್ಬಳೇ. ಒಂಟಿಯಾಗಿ ಮನೆ ನಿಲ್ಲಿಸುವ ಕಷ್ಟ ದರ್ಜಿಗೆ ಗೊತ್ತಿತ್ತು. ಕ್ಷಣಹೊತ್ತು ನೋಡಿದಳು. ರಾಣಿ ಅತ್ತ ಹಾರಿದ ಮೇಲೆ ಅಳತೆಕೋಲಿನಿಂದ ಗೂಡನ್ನು ಮೀಟಿ ಕೆಡವಿ, ಚಪ್ಪಲಿಯಿಂದ ಹೊಸಕಿ, ಕಿಟಕಿ ಮುಚ್ಚಿದಳು.