ಪೂರ್ತಿ ಹೊಡೆದ ಮೊಳೆ

"ಏನಯ್ಯಾ ಇದು, ಬಡವ್ರ ಮನೇನಾ, ಪಾತ್ರೆ ಅಂಗಡೀನಾ? ಎಲ್ಲಾ ಫಳಫಳ ಅಂತಿದೆ! ಗಲೀಜು ಎಲ್ಲಿ? ನಂಗೆ ಗಲೀಜು ಬೇಕು!"

ಹೀಗೆಂದವನು ಮೀಸೆಯೂ ನೆಟ್ಟಗೆ ಮೂಡದ ಹುಡುಗ. ಬಿಸಿಲು ತನ್ನನ್ನು ಒಳಗೂ ಹುಡುಕಿಕೊಂಡು ಬರುತ್ತದೆಂಬಂತೆ ಸ್ಟುಡಿಯೋದಲ್ಲೂ ಟೋಪಿ ತೆಗೆಯುತ್ತಿರಲಿಲ್ಲ. ಅವನು ಬೈಯುತ್ತಿದ್ದುದು ನನ್ನ ಗಂಡನನ್ನು. ಈ ಸಿನಿಮಾ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸೆಟ್ಟು ಕಟ್ಟುತ್ತಿರುವ ಬಡಗಿ ಅವನು. ನಾನು ಅವನ ಕೈಯಾಳು, ಬಣ್ಣ ಬಳಿಯುವವಳು. ಇಲ್ಲೇ ಓದುವ ಈ ಟೋಪಿಯ ಹತ್ತು ನಿಮಿಷದ ಚಿತ್ರಕ್ಕೆ ಒಂದು ಗುಡಿಸಲು ಬೇಕಿತ್ತು. ಅಧಿಕಾರಿಗಳು ಬಂದು ಅದನ್ನು ಕೆಡವಬೇಕು, ತಾಯಿ ಅಳಬೇಕು, ನೋಡಿದವರು ಕರವಸ್ತ್ರ ತೆಗೆಯಬೇಕು. ನನ್ನ ಗಂಡನಿಗೆ ಒಳಹೊರಗೆಲ್ಲ ಗೊತ್ತಿದ್ದ ಗುಡಿಸಲು ಒಂದೇ, ನಮ್ಮದು. ಎರಡು ದಿನದಲ್ಲಿ ಅದನ್ನೇ ಕಟ್ಟಿದ. ನಾನು ಪಾತ್ರೆಗಳನ್ನು ಉಜ್ಜಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿಟ್ಟಿದ್ದೆ. ಬಡವರೂ ಪಾತ್ರೆ ತೊಳೆಯುತ್ತಾರೆಂಬುದು ಪಾಪ ಟೋಪಿಗೆ ಯಾವ ಪಾಠದಲ್ಲೂ ಬಂದಿರಲಿಲ್ಲ.

ಚಹಾದ ಚರಟ ತರಿಸಿ ಪಾತ್ರೆಗಳ ಮೇಲೆ ಎರಚಿದ. ಆಮೇಲೆ ಅವನ ಕಣ್ಣು ನನ್ನ ಮೇಲೆ ಬಿತ್ತು.

"ಅಕ್ಕಾ, ನಿಮ್ಮನೇನೂ ಹೋದ ವರ್ಷ ಕೆಡವಿದ್ರಂತಲ್ಲ? ಆವತ್ತು ಹೇಗೆ ಅತ್ರಿ? ಸ್ವಲ್ಪ ಇವಳಿಗೆ ತೋರಿಸಿ."

ಇವಳೆಂದರೆ ತಾಯಿಯ ಪಾತ್ರದ ಹುಡುಗಿ. ಕಾಡಿಗೆ ಕರಗೀತೆಂದು ಬೆಳಗಿನಿಂದ ಸರಿಯಾಗಿ ಕಣ್ಣು ಕೂಡ ಉಜ್ಜಿರಲಿಲ್ಲ.

"ಅಳ್ಲಿಲ್ಲಪ್ಪ. ಬಾಗ್ಲು ಹಾಕ್ಕೊಂಡು ಒಳಗೆ ನಿಂತು ಬೈದೆ."

"ಏನಂತ?"

ಹೇಳಿದೆ. ಹುಡುಗಿ ಕಿವಿ ಮುಚ್ಚಿಕೊಂಡಳು.

"ಛೆ, ಅದೆಲ್ಲ ಬೇಡ. ಬೈದ್ರೆ ಜನಕ್ಕೆ ಕನಿಕರ ಹುಟ್ಟಲ್ಲ. ಕಾಲು ಹಿಡ್ಕೊಂಡು ಅಳ್ಬೇಕು."

ನನ್ನ ಮನೆ ಬಿದ್ದ ದಿನ ನಾನು ನಡೆದುಕೊಂಡ ರೀತಿಯೇ ತಪ್ಪು ಎಂದಾಯಿತು.

ಮಧ್ಯಾಹ್ನಕ್ಕೆ ಮುಂಚೆ ಟೋಪಿಗೆ ಪಾಠ ಹೇಳುವ ಮೇಷ್ಟ್ರು ಬಂದರು. ಸೆಟ್ಟನ್ನು ಸುತ್ತಿ ನೋಡಿ, "ಬಾಗಿಲು ತೀರಾ ಹೊಸದು. ಶೆಡ್ಡಿನ ಹತ್ರ ಒಂದು ಹಳೇದು ಒರಗಿಸಿದೆಯಲ್ಲ, ಅದನ್ನ ಹಾಕು. ಹಿಂದಿನಿಂದ ಗರಗಸ ಆಡಿಸಿ ಅರ್ಧ ಕೊಯ್ದಿಡು. ಹುಡುಗ್ರು ಸುತ್ತಿಗೇಲಿ ಒಂದು ಕೊಟ್ರೆ ಮುರೀಬೇಕು, ಗೋಡೆನೂ ಬೀಳ್ಬೇಕು. ಒಂದೇ ಶಾಟು" ಎಂದರು.

ನನ್ನ ಗಂಡ ಟೊಂಕಕ್ಕೆ ಸಿಕ್ಕಿಸಿದ್ದ ಸುತ್ತಿಗೆಯನ್ನು ತಡವಿಕೊಂಡ. "ಸಾರ್, ಅದು ನಮ್ಮನೆ ಬಾಗ್ಲು."

ನಮ್ಮ ಮದುವೆಯ ವರ್ಷ ಅವನೇ ಮಾಡಿದ ಬಾಗಿಲು ಅದು. ನನ್ನ ಕೈ ತಾಗಿ ತಾಗಿ ಅಗುಳಿಯ ಸುತ್ತ ಮರ ನುಣುಪಾಗಿತ್ತು. ಮನೆ ಕೆಡವಿದ ದಿನ ಇಬ್ಬರೂ ತಲೆಯ ಮೇಲೆ ಹೊತ್ತು ತಂದದ್ದು ಅದೊಂದನ್ನೇ. ಎಲ್ಲಾದರೂ ಮೂರು ಮೊಳ ಜಾಗ ಸಿಕ್ಕರೆ ಅದಕ್ಕೆ ಗೋಡೆ ಕಟ್ಟಿಕೊಳ್ಳೋಣವೆಂದು ಕಾದಿಟ್ಟಿದ್ದೆವು.

"ಮನೆ ಎಲ್ಲಿದೆಯೋ ನಿಂಗೆ?" ಮೇಷ್ಟ್ರು ನಕ್ಕರು. "ಶೆಡ್ಡಿನ ಹಿಂದೆ ತಗಡು ಹಾಕ್ಕೊಂಡು ಮಲಗೋಕೆ ಬಿಟ್ಟಿದೀನಿ, ನೆನಪಿರ್ಲಿ. ಕಾಂಪೌಂಡೊಳಗೆ ಇರೋದೆಲ್ಲ ಶಾಲೇದು. ಚಿತ್ರದ ಕೊನೇಲಿ ನಿನ್ನ ಹೆಸ್ರು ಹಾಕ್ತಾರೆ ಬಿಡು, ಧನ್ಯವಾದ ಅಂತ."

"ಹೌದು, ಹೆಸ್ರೇನು ನಿಂದು?" ಎಂದು ಟೋಪಿ ಮೊಬೈಲು ತೆಗೆದ. ಮೂರು ದಿನದಲ್ಲಿ ಅವನು ಅದನ್ನು ಕೇಳಿದ್ದು ಆಗಲೇ.

ನನ್ನ ಗಂಡ ಅವನನ್ನು ದಾಟಿ ಊಟಕ್ಕೆ ಹೊರಟ.

ಊಟಕ್ಕೆ ಕೂತಾಗ ನಾನು ತಟ್ಟೆ ಪಕ್ಕಕ್ಕೆ ತಳ್ಳಿದೆ. "ಕೊಯ್ತೀಯಾ? ಆ ಬಾಗ್ಲಿಗೆ ಗರಗಸ ಮುಟ್ಟಿಸಿದ್ರೆ ನನ್ನ ಕುತ್ತಿಗೆಗೂ ಮುಟ್ಟಿಸ್ಬಿಡು."

"ಸುಮ್ನಿರೇ."

"ಇಪ್ಪತ್ತೆರಡು ವರ್ಷ ಸುಮ್ನಿದ್ದು ನೀನು ಕಡಿದು ಕಟ್ಟೆ ಹಾಕಿದ್ದು ಸಾಕು!"

ಅವನು ಕೈ ತೊಳೆದುಕೊಂಡು ಎದ್ದು ಹೋದ. ಬಾಗಿಲನ್ನು ಹೊತ್ತು ತಂದು ಚೌಕಟ್ಟಿಗೆ ಕೂರಿಸಿದ. ನಾನು ಬೆನ್ನು ತಿರುಗಿಸಿ ಬಣ್ಣ ಕಲಸುತ್ತ ಕೂತೆ. ಗರಗಸದ ಸದ್ದಿಗೆ ಮೈಯೆಲ್ಲ ಕಿವಿಯಾಗಿತ್ತು.

ಸೆಟ್ಟಿನಲ್ಲಿ ಮೊಳೆಯನ್ನು ಪೂರ್ತಿ ಹೊಡೆಯಬಾರದು. ಬಿಚ್ಚುವಾಗ ಕೀಳಲು ಸಿಗಲೆಂದು ತಲೆಯನ್ನು ಒಂದಿಷ್ಟು ಹೊರಗೆ ಬಿಡುತ್ತಾರೆ. ಟಕ್ ಟಕ್ ಟಕ್, ನಿಲ್ಲಿಸು. ಇಷ್ಟು ವರ್ಷ ನಾನು ಕೇಳಿದ್ದು ಅಷ್ಟೇ. ಅವತ್ತು ಟಕ್ ಟಕ್ ಟಕ್ ಆದ ಮೇಲೆ ಇನ್ನೊಂದು ಏಟು ಬಿತ್ತು, ದೊಪ್ಪೆಂದು. ತಿರುಗಿ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ, ಮುಂದಿನ ಮೊಳೆ ಇಟ್ಟ. ಅದೂ ಪೂರ್ತಿ ಒಳಗೆ ಹೋಯಿತು. ಆಮೇಲೆ ಗೋಡೆಗೂ ಚೌಕಟ್ಟಿಗೂ ಒಳಗಿನಿಂದ ದಪ್ಪ ತೊಲೆಗಳ ಆಸರೆ ಕೊಟ್ಟ. ನಾನು ಕುಂಚ ಹಿಡಿದು ಒಂದೊಂದೇ ಮೊಳೆಯ ತಲೆ ಮುಚ್ಚುತ್ತ ಹೋದೆ. ಮೇಷ್ಟ್ರು ಎರಡು ಸಲ ಪಕ್ಕದಲ್ಲೇ ಹಾದುಹೋದರು. ಹುಟ್ಟಿದಾಗಿನಿಂದ ಒಂದು ಮೊಳೆಯನ್ನೂ ನೋಡಿದ ಆಸಾಮಿಯಲ್ಲ.

ಗುಡಿಸಲಿಗೆ ಮುಂದೊಂದು, ಪಕ್ಕಕ್ಕೆರಡು ಗೋಡೆ. ಹಿಂದುಗಡೆ ಬಯಲು. ಬಾಗಿಲು ಮುರಿದ ಕೂಡಲೇ ಸುಣ್ಣದ ಪುಡಿ ಎರಚಬೇಕೆಂದು ನನ್ನ ಕೈಗೊಂದು ಬೇಸಿನ್ನು ಕೊಟ್ಟು ಒಳಗೆ ನಿಲ್ಲಿಸಿದರು.

"ಆಕ್ಷನ್!"

ಬಾಗಿಲ ಸಂದಿಯಿಂದ ನೋಡಿದೆ. ಹುಡುಗಿ ಹೊರಗೆ ಅತ್ತಳು. ಚೆನ್ನಾಗಿಯೇ ಅತ್ತಳು. "ಬೇಡಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. ಅಧಿಕಾರಿ ವೇಷದ ಇಬ್ಬರು ಹುಡುಗರು ಸುತ್ತಿಗೆ ಎತ್ತಿದರು. ಅವರ ಹೂವಿನಂಥ ಕೈಗೆ ಕಬ್ಬಿಣ ಭಾರವೆಂದು ಥರ್ಮಾಕೋಲಿಗೆ ನಾನೇ ಕಪ್ಪು ಬಳಿದುಕೊಟ್ಟ ಸುತ್ತಿಗೆಗಳು. ಮೊದಲ ಏಟಿಗೇ ಒಂದರ ತಲೆ ಹಾರಿತು. ಇನ್ನೊಬ್ಬ ರೋಷದಿಂದ ಬಾಗಿಲಿಗೆ ಒದ್ದು, "ಅಯ್ಯಮ್ಮಾ!" ಎಂದು ಕಾಲು ಹಿಡಿದು ಕೂತ. ಅಂದು ಅಲ್ಲಿ ಕೇಳಿಬಂದ ನಿಜವಾದ ಅಳು ಅದೊಂದೇ.

ನಾನು ಅಗುಳಿ ಹಾಕಿದೆ. ಎದೆಯಲ್ಲಿ ಒಂದು ವರ್ಷದಿಂದ ಕಟ್ಟಿಕೊಂಡಿದ್ದದ್ದು ಬಾಯಿಗೆ ಬಂತು.

"ಬನ್ರೋ ಬೋಳಿಮಕ್ಳಾ! ಬೆವರು ಸುರ್ಸಿ ಕಟ್ಟಿದ ಮನೆ ಇದು, ನಿಮ್ಮಪ್ಪನ ಮನೆ ಗಂಟಲ್ಲ! ಮುಟ್ಟಿದ ಕೈಗೆ ಹುಳ ಬೀಳ!"

"ಕಟ್! ಕಟ್!" ಮೇಷ್ಟ್ರ ದನಿ ಕೀರಲಾಯಿತು. "ಬಾಗ್ಲು ತೆಗೆಯೇ ಮುಂಡೆ! ಇವತ್ತೇ ನಿಮ್ಮ ಗಂಟುಮೂಟೆ ಎತ್ತಿಸ್ತೀನಿ!"

"ಗಂಟೆಲ್ಲಿದೆಯೋ? ಇರೋದೇ ಇದೊಂದು ಬಾಗ್ಲು! ತೆಗೆಯಲ್ಲ, ಹೋಗೋ!"

ಎಲ್ಲರೂ ಸೇರಿ ನೂಕಿದರು. ಹಿಂದೆ ಗೋಡೆಯೇ ಇಲ್ಲದ ಮನೆಯ ಬಾಗಿಲನ್ನು ಅಷ್ಟು ಜನ ಓದಿದವರು ಬೆವರಿಳಿಸಿ ನೂಕುತ್ತಿದ್ದರು. ನನಗೆ ನಗು ಬಂತು. ಬಾಗಿಲು ಮಿಸುಕಲಿಲ್ಲ. ಕೊನೆಗೆ ಟೋಪಿಗೆ ಜ್ಞಾನೋದಯವಾಯಿತು.

"ಸಾರ್, ಹಿಂದ್ಗಡೆ ಗೋಡೆನೇ ಇಲ್ವಲ್ಲ!"

ಬೂಟುಗಳು ದಡದಡನೆ ಪಕ್ಕಕ್ಕೆ ಹೊರಳಿದವು. ಬೇಸಿನ್ನು ಹಿಡಿದೇ ನಾನೂ ತಿರುಗಿದೆ.

ನನ್ನ ಗಂಡ ಅಲ್ಲಿ ಮೊದಲೇ ಇದ್ದ. ಬಾಯಿ ತುಂಬ ಮೊಳೆ. ಬಯಲಿಗೆ ಅಡ್ಡಲಾಗಿ ಒಂದು ಉದ್ದನೆಯ ಹಲಗೆ ಹಿಡಿದಿದ್ದ. ಕೈಯಲ್ಲಿದ್ದದ್ದು ಕಬ್ಬಿಣದ ಸುತ್ತಿಗೆ. ಟಕ್, ಟಕ್, ಟಕ್. ಬೂಟುಗಳು ಹತ್ತಿರ ಬಂದು ನಿಂತವು. ಅವನು ತಲೆಯೆತ್ತದೆ ಇನ್ನೊಂದು ಏಟು ಹೊಡೆದ.