ವಾಯಿದೆಯ ಮೇಲೆ ಓಡಿದ ಫಿಯೆಟ್

ಬಸವರಾಜೇಶ್ವರಿಯವರ ಕರಿಕೋಟಿನಿಂದ ಪೆಟ್ರೋಲಿನ ವಾಸನೆ ಬರುತ್ತದೆ. ಶಿವಮೊಗ್ಗದ ನ್ಯಾಯಾಲಯದಲ್ಲಿ ಬಹುಕಾಲದಿಂದ ವಕೀಲಿ ನಡೆಸುತ್ತಿರುವ, ಪಾಟೀಸವಾಲಿಗೆ ಎದ್ದು ನಿಂತರೆ ಎದುರು ಪಕ್ಷದವರ ನಾಲಿಗೆ ಒಣಗಿಸುವುದಕ್ಕೆ ಹೆಸರಾದ ಈ ಮಹಿಳೆಯ ಕೋಟಿನ ಎಡತೋಳಿನ ಮೇಲೆ ಅಂಗೈಯಗಲದ ಗ್ರೀಸಿನ ಕಲೆಯೊಂದು ಶಾಶ್ವತವಾಗಿ ನೆಲೆಸಿಬಿಟ್ಟಿದೆ. ಕರಿಯ ಬಟ್ಟೆಯ ಮೇಲಿನ ಕರಿಯ ಕಲೆ ಯಾರಿಗೂ ಕಾಣುವುದಿಲ್ಲವೆಂಬುದು ಅವರ ನಂಬಿಕೆ; ಎಲ್ಲರಿಗೂ ಕಾಣುತ್ತದೆಂಬುದು ನಮ್ಮ ಅನುಭವ. ಒಮ್ಮೆ ನಾನೇ ಧೈರ್ಯ ಮಾಡಿ, "ಮೇಡಂ, ಅದನ್ನ ಒಗೆಯೋಕೆ ಕೊಡಬಾರ್ದಾ?" ಎಂದು ಕೇಳಿದೆ. ಅವರು ತೋಳನ್ನು ಮೂಗಿಗೆ ಹಿಡಿದು ದೀರ್ಘವಾಗಿ ಉಸಿರೆಳೆದು, "ಮೇಷ್ಟ್ರೇ, ಕೋರ್ಟಲ್ಲಿ ಬೇಜಾರಾದಾಗ ಮೂಸಿ ನೋಡೋಕೆ ನಂಗೂ ಏನಾದ್ರೂ ಬೇಡ್ವಾ?" ಎಂದರು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು, ವಿನೋಬನಗರದಲ್ಲಿ ಅವರ ಪಕ್ಕದ ಮನೆಯವನು.

ಅವರ ನಡಿಗೆಯನ್ನು ನೋಡಬೇಕು. ನೇರ ರಸ್ತೆಯಲ್ಲಿ ಸೆರಗು ಹಾರುವಷ್ಟು ಬಿರುಸು. ತಿರುವು ಬಂತೆಂದರೆ ಹೊರ ಅಂಚಿಗೆ ಸರಿದು, ಕೊಂಚ ನಿಧಾನಿಸಿ, ಒಳಮೂಲೆಯನ್ನು ಸವರಿಕೊಂಡೇ ಹೋಗಿ, ಮತ್ತೆ ಹೊರಕ್ಕೆ ಹಾಯುತ್ತ ಬಿರುಸಾಗುತ್ತಾರೆ. ತರಕಾರಿ ತರಲು ಹೊರಟ ಅರವತ್ತರ ಸಮೀಪದ ಹೆಣ್ಣುಮಗಳೊಬ್ಬರು ನಮ್ಮ ಬಡಾವಣೆಯ ಮೂಲೆಗಳನ್ನು ಹೀಗೆ ಕತ್ತರಿಸುವುದೇಕೆಂದು ನನಗೆ ಬಹಳ ದಿನ ತಿಳಿದಿರಲಿಲ್ಲ. ಮಾತಿಗೊಮ್ಮೆ "ದಾಖಲಾಗ್ಲಿ" ಎನ್ನುವುದು ಅವರ ಇನ್ನೊಂದು ರೂಢಿ. ಹೋಟೆಲಿನ ಸಾಂಬಾರು ಸಪ್ಪೆಯಾಗಿದ್ದರೆ ದಾಖಲಾಗಬೇಕು, ನಮ್ಮ ಮನೆಯ ಬೆಕ್ಕು ಅವರ ಕಾರಿನ ಮೇಲೆ ಮಲಗಿದ್ದರೆ ಅದೂ ದಾಖಲಾಗಬೇಕು. ಎಲ್ಲಿ ದಾಖಲಾಗುತ್ತದೆಂದು ಕೇಳಿದವರಿಲ್ಲ.

ಆ ಕಾರು ಕೆನೆಬಣ್ಣದ ಹಳೆಯ ಫಿಯೆಟ್. ಅವರ ಸೀನಿಯರ್ ಆಗಿದ್ದ ಶಿವಶಂಕರಪ್ಪನವರದು. ಹಿರಿಯರ ಕಣ್ಣು ಮಂಜಾಗತೊಡಗಿದಾಗ ಒಂದು ಬೆಳಿಗ್ಗೆ ಬೀಗದ ಕೈಯನ್ನು ಈ ಜೂನಿಯರಿನ ಮುಂದಿಟ್ಟು, ಭದ್ರಾವತಿಯ ಕೋರ್ಟಿಗೆ ಗಾಡಿ ಹೊಡಿ ಎಂದರಂತೆ. "ನಂಗೆ ಡ್ರೈವಿಂಗ್ ಬರಲ್ಲ ಸರ್" ಎಂದದ್ದಕ್ಕೆ, "ನನ್ನ ಹತ್ರ ಬಂದಾಗ ನಿಂಗೆ ಕಾನೂನೂ ಬರ್ತಿರ್ಲಿಲ್ಲ ಕಣಮ್ಮ" ಎಂದು ಬಾಗಿಲು ತೆಗೆದು ಕೂತೇಬಿಟ್ಟರಂತೆ. ಅವರು ತೀರಿಕೊಳ್ಳುವ ಮುನ್ನ ಕಾರನ್ನು ಈಕೆಯ ಹೆಸರಿಗೆ ಮಾಡಿದರು. ಕಾರಿನೊಂದಿಗೆ ಹಿರಿಯರ ನೇಮವೊಂದೂ ಬಂತು: ಆಯುಧಪೂಜೆಗಾಗಲಿ ಬೇರೆ ಪೂಜೆಗಾಗಲಿ ಗಾಡಿಗೆ ಹಾಕಿದ ಹಾರವನ್ನು ಕೈಯಾರೆ ತೆಗೆಯಕೂಡದು, ಅದು ಒಣಗಿ ತಾನಾಗಿಯೇ ಉದುರಬೇಕು. ಆದ್ದರಿಂದ ದೀಪಾವಳಿ ಕಳೆದು ಸಂಕ್ರಾಂತಿ ಬಂದರೂ ಆ ಫಿಯೆಟ್ಟಿನ ಮುಂದೆ ಕಂದುಬಣ್ಣದ ದಾರವೊಂದು ನೇತಾಡುತ್ತಲೇ ಇರುತ್ತದೆ, ಬೀದಿಯವರ ಬುದ್ಧಿವಾದವೆಲ್ಲ ಬಂಡೆಯ ಮೇಲೆ ಮಳೆ ಸುರಿದಂತೆ ವ್ಯರ್ಥವಾಗುತ್ತದೆ.

ಈಗ ಓಟದ ಸಂಗತಿ ಹೇಳಬೇಕು. ಕೊಯ್ಲು ಮುಗಿದು ಮಣ್ಣು ಗಟ್ಟಿಯಾದ ಮೇಲೆ ಭದ್ರಾವತಿಯಾಚೆಯ ಬಯಲೊಂದರಲ್ಲಿ ಪ್ರತಿವರ್ಷ ಆರು ಗಂಟೆಗಳ ಕಾರಿನ ಓಟ ನಡೆಯುತ್ತದೆ. ಅದನ್ನು ನಡೆಸುವವನು ಆಕರ್ಷ ಎಂಬ ಕಾರಿನ ಹುಚ್ಚಿನ ತರುಣ. ಅಲ್ಲಿಗೆ ಬರುವ ಕಾರುಗಳೆಲ್ಲ ಗುಜರಿಯ ಬಾಗಿಲವರೆಗೆ ಹೋಗಿ ಮನಸ್ಸು ಬದಲಿಸಿದಂಥವು. ಒಂದಕ್ಕೆ ಬಾಗಿಲಿಲ್ಲ, ಇನ್ನೊಂದಕ್ಕೆ ಬಾಗಿಲೇ ಮೂರು ಬಣ್ಣದವು. ಸವಾರರು ಸರದಿಯಂತೆ ಓಡಿಸಬೇಕು. ರಿಪೇರಿಗೆಂದು ಗಾಡಿ ನಿಲ್ಲಿಸುವ ಜಾಗಕ್ಕೆ ಪಿಟ್ಟು ಎನ್ನುತ್ತಾರೆ. ಅಲ್ಲಿ ಒಂದೇ ಸಲಕ್ಕೆ ಕಾಲು ಗಂಟೆಗಿಂತ ಹೆಚ್ಚು ನಿಂತ ಗಾಡಿ ಓಟದಿಂದ ಹೊರಗೆ. ದಾರಿಯ ಮೇಲೆ ಕೆಟ್ಟು ನಿಂತ ಗಾಡಿಯನ್ನು ಸವಾರನ ಹೊರತು ಯಾರು ಮುಟ್ಟಿದರೂ ಹೊರಗೆ. ಕೊನೆಯ ಬಾವುಟ ಬಿದ್ದಾಗ ಗಾಡಿ ತನ್ನ ಸ್ವಂತ ಬಲದಿಂದ ಗೆರೆ ದಾಟಿದರೆ ಮಾತ್ರ ಓಟ ಮುಗಿಸಿದಂತೆ ಲೆಕ್ಕ.

ಬಸವರಾಜೇಶ್ವರಿಯವರ ಫಿಯೆಟ್ ಒಂದು ಸಲವೂ ಮುಗಿಸಿರಲಿಲ್ಲ. ಒಂದು ವರ್ಷ ಗೇರಿನ ಕೋಲು ಅವರ ಕೈಗೇ ಕಿತ್ತು ಬಂತು. ಮರುವರ್ಷ ಮುಂದಿನ ಚಕ್ರ ಗಾಡಿಗಿಂತ ಮೊದಲೇ ಗೆರೆ ದಾಟಿತು. ಹೋದ ವರ್ಷ ಹಗ್ಗ ಕಟ್ಟಿ ಎಳೆಸಿಕೊಂಡು ಬರುವಾಗ ಯಾರೋ ಸಿಳ್ಳೆ ಹೊಡೆದರು. ಆಗ ಅವರು ಬಾನೆಟ್ಟಿನ ಮೇಲೆ ಕೈಯೂರಿ ನಿಂತು, "ಬರೋ ವರ್ಷ ಇದು ಮುಗಿಸ್ಲಿಲ್ಲ ಅಂದ್ರೆ ಮಾರನೇ ದಿನ ಗುಜರಿಗೆ. ದಾಖಲಾಗ್ಲಿ!" ಎಂದು ನೆರೆದವರೆಲ್ಲ ಕೇಳುವಂತೆ ಸಾರಿಬಿಟ್ಟರು. ಗುಜರಿ ಅಂಗಡಿಯ ಮುರಳಿ ಅಲ್ಲಿಯೇ ಮಂಡಕ್ಕಿ ತಿನ್ನುತ್ತ ನಿಂತಿದ್ದ. "ಟೆಂಪೊ ನಾನೇ ತರ್ತೀನಮ್ಮ" ಎಂದ. ಆಡಿದ ಮಾತನ್ನು ಈಕೆ ಹಿಂತೆಗೆದುಕೊಂಡದ್ದನ್ನು ಕಂಡವರಿಲ್ಲ. ಆ ಫಿಯೆಟ್ ಹೋದರೆ ಅವರ ಯೌವನವೂ ಅವರ ಗುರುವೂ ಒಟ್ಟಿಗೆ ಟೆಂಪೊ ಹತ್ತಿ ಹೋಗುತ್ತಾರೆಂದು ನನಗೆ ಗೊತ್ತಿತ್ತು.

ಈ ವರ್ಷದ ಓಟಕ್ಕೆ ನಾನು ನೀರು ಹೊರುವ ಹುದ್ದೆಗೆ ನೇಮಕಗೊಂಡು ಹೋದೆ. ಮೊದಲ ಸರದಿ ಭೂತಪ್ಪನದು. ಕಾರ್ಖಾನೆಯ ಕೆಲಸದಿಂದ ನಿವೃತ್ತನಾಗಿ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಶೆಡ್ಡು ಹಾಕಿಕೊಂಡು ಈ ಫಿಯೆಟ್ಟಿನ ಕಾಯಿಲೆಗಳನ್ನು ನೋಡಿಕೊಳ್ಳುವವನು. ಎರಡನೆಯ ಸರದಿ ಬಸವರಾಜೇಶ್ವರಿಯವರ ಜೂನಿಯರ್ ವಕೀಲೆ ಇಂಪನಾಳದು, ಕೊನೆಯದು ಮೇಡಂ ಅವರದೇ. ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಇಂಪನಾ ತಂದಿದ್ದ ತೋಳುದಪ್ಪದ ಚೆಂಡುಹೂವಿನ ಹಾರವನ್ನು ಕಾರಿನ ಮೂತಿಗೆ ಅಡ್ಡಲಾಗಿ ಮೂರು ಸುತ್ತು ಕಟ್ಟಿದರು. ಆಕರ್ಷ ಬಂದು ನೋಡಿ, "ಮೇಡಂ, ಪೂಜೆ ಆಯ್ತಲ್ಲ, ಹಾರ ತೆಗಿಬೋದಲ್ವಾ?" ಎಂದ. ಮೇಡಂ ಸುಮ್ಮನೆ ಅವನ ಮುಖ ನೋಡಿದರು. ಅವನು ಬೇರೆ ಕಾರು ನೋಡಲು ಹೋದ.

ಆಹಾ, ಆ ಮೊದಲ ಗಂಟೆಗಳು! ನನ್ನಂಥ ಪುಸ್ತಕದ ಹುಳುವಿಗೆ ಸದ್ದು ಎಂದರೆ ಅಲರ್ಜಿ. ಆದರೆ ಇಪ್ಪತ್ತು ಮುದಿ ಎಂಜಿನ್ನುಗಳು ಒಟ್ಟಿಗೆ ಕೂಗಿ, ಕೆಂಧೂಳು ಮೇಲೆದ್ದು, ಅದರೊಳಗಿಂದ ನಮ್ಮ ಕೆನೆಬಣ್ಣದ ಮೂತಿ ಕಿತ್ತಳೆ ಬಣ್ಣದ ಹೂವು ಮುಡಿದು ಈಚೆಗೆ ಬಂದಾಗಲೆಲ್ಲ ನಾನು ಕೊಡೆ ಎತ್ತಿ ಕೂಗುತ್ತಿದ್ದೆ. ಭೂತಪ್ಪ ಎತ್ತಿನ ಗಾಡಿಯ ತಾಳ್ಮೆಯಿಂದ ಓಡಿಸಿ ಸ್ಟೀರಿಂಗ್ ಬಿಟ್ಟುಕೊಟ್ಟ. ಇಂಪನಾ ಕೂತ ಮೇಲೆ ವೇಗ ಹೆಚ್ಚಿತು. ಮುಂದಿದ್ದ ಜೀಪೊಂದು ಮಗುಚಿತು, ಸವಾರ ನಗುತ್ತ ಹೊರಬಂದ. ಬಿರುಸಿನಿಂದ ಹೊರಟಿದ್ದವರು ಒಬ್ಬೊಬ್ಬರಾಗಿ ಅಂಚಿಗೆ ಸರಿದು ನಿಂತರು. ನಮ್ಮ ಗಾಡಿ ಮಾತ್ರ ಸುತ್ತುತ್ತಲೇ ಇತ್ತು. ಬಸವರಾಜೇಶ್ವರಿಯವರು ಉಗುರು ಕಚ್ಚುತ್ತ ಅತ್ತಿಂದಿತ್ತ ನಡೆಯುತ್ತಿದ್ದರು, ನೀರಿನ ಕೊಡವನ್ನು ಬಳಸಿ ಹೋಗುವಾಗಲೂ ಹೊರಗಿನಿಂದ ಒಳಕ್ಕೆ ಕತ್ತರಿಸುತ್ತ.

ಓಟ ಮುಗಿಯಲು ಇನ್ನೆರಡು ಗಂಟೆ ಇರುವಾಗ ಫಿಯೆಟ್ ಬಿಳಿಯ ಹಬೆ ಉಗುಳುತ್ತ ಪಿಟ್ಟಿಗೆ ಬಂತು. "ಮೇಡಂ, ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗಿ ಕೂತಿದೆ!" ಎಂದು ಇಂಪನಾ ಹಾರಿ ಇಳಿದಳು. ಭೂತಪ್ಪ ಬಾನೆಟ್ ಎತ್ತಿ ಬಗ್ಗಿದ. ನಾವೂ ಬಗ್ಗಿದೆವು. ಗಾಳಿಯ ರಭಸಕ್ಕೆ ಹಾರದ ಹೂವುಗಳು ಎಸಳೆಸಳಾಗಿ ಒಳಕ್ಕೆ ಸೇರಿ, ಧೂಳಿನೊಂದಿಗೆ ಕಲಸಿಕೊಂಡು, ರೇಡಿಯೇಟರಿನ ಮುಖವನ್ನು ಪೂರಾ ಮೆತ್ತಿಬಿಟ್ಟಿದ್ದವು. ಗಾಳಿ ಹೋಗಲು ಒಂದು ಸಂದೂ ಉಳಿದಿರಲಿಲ್ಲ.

"ಲಾಯರಮ್ಮ, ಹೂವು ಬೆಂದು ಪಲ್ಯ ಆಗಿದೆ" ಎಂದ ಭೂತಪ್ಪ.

ಉಳಿದ ಹಾರ ಇನ್ನೂ ಮುಂದೆ ತೂಗುತ್ತಿತ್ತು. ಯಾರೂ ಅದಕ್ಕೆ ಕೈಹಾಕಲಿಲ್ಲ. ಅದು ಯಾರ ನೇಮವೆಂದು ಎಲ್ಲರಿಗೂ ಗೊತ್ತಿತ್ತು. ಬಸವರಾಜೇಶ್ವರಿಯವರು ಒಂದು ಗಳಿಗೆ ಅದನ್ನೇ ನೋಡಿದರು. ಆಮೇಲೆ ತಾವೇ ಬಗ್ಗಿ ದಾರ ಕಿತ್ತು, ಹಾರವನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗಿತ್ತು, "ಸರ್ ಇದ್ದಿದ್ರೆ ಮೊದಲು ಬೈದು ಆಮೇಲೆ ಅವರೇ ಕೀಳ್ತಿದ್ರು" ಎಂದರು. ತಲೆಗೂದಲಿನ ಪಿನ್ನು, ಸೀರೆಯ ಪಿನ್ನು, ಇಂಪನಾಳ ಬಾಚಣಿಗೆ, ಸಿಕ್ಕಿದ್ದರಲ್ಲೆಲ್ಲ ಬೆಂದ ಎಸಳುಗಳನ್ನು ಕೆದಕಿ ತೆಗೆದೆವು. ನೀರು ಹುಯ್ದೆವು. ಆದರೆ ಭೂತಪ್ಪ ತಲೆಯಾಡಿಸಿದ. "ಇಂಜಿನ್ ಹೆಡ್ಡು ಕಾದು ಗ್ಯಾಸ್ಕೆಟ್ ಬಿಟ್ಕೊಂಡಿದೆ, ನೀರು ನಿಲ್ತಿಲ್ಲ. ಒಂದೇ ಸಮ ಓಡಿಸಿದ್ರೆ ನಾಲ್ಕು ಸುತ್ತೂ ಬರಲ್ಲಮ್ಮ."

ಅಲ್ಲಿಗೆ ಮುಗಿಯಿತೆಂದು ನಾನು ಕೊಡದ ಮೇಲೆ ಕುಕ್ಕರಿಸಿದೆ. ಬೇಲಿಯಾಚೆ ಮುರಳಿ ನಿಂತಿದ್ದ. ಪಾಪ, ಅವನ ಮುಖವೂ ಸಪ್ಪಗಿತ್ತು. ಬಸವರಾಜೇಶ್ವರಿಯವರು ಮಾತ್ರ ಕಣ್ಣು ಕಿರಿದಾಗಿಸಿ ಕೇಳಿದರು:

"ಒಂದು ಸುತ್ತು ಹೋಗತ್ತಾ ಭೂತಪ್ಪಣ್ಣ?"

"ಒಂದು ಹೋಗತ್ತೆ."

"ಬಂದು ಆರಿಸ್ಕೊಂಡು ಇನ್ನೊಂದು?"

"ಆರಿದ್ರೆ ಹೋಗತ್ತೆ."

"ಕಾಲು ಗಂಟೆಯೊಳಗೆ ಮತ್ತೆ ಹೊರಟ್ರೆ ಯಾರೂ ಹೊರಗೆ ಹಾಕೋಹಾಗಿಲ್ಲ. ಮಾರಾಯ, ವಾಯಿದೆ ತಗೊಂಡು ತಗೊಂಡು ಕೇಸು ನಡೆಸೋದು ನಂಗೆ ಹೇಳ್ಕೊಡ್ಬೇಕಾ? ಬೀಗದ ಕೈ ಕೊಡು!"

ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ಒಂದು ಸುತ್ತು, ಪಿಟ್ಟು, ನೀರು, ಬೀಸಣಿಗೆಯ ಹಾಗೆ ರಟ್ಟು ಹಿಡಿದು ಗಾಳಿ ಹಾಕುವ ಇಂಪನಾ, ಗಡುವು ತೀರುವ ಮುಂಚೆ ಮತ್ತೆ ಒಂದು ಸುತ್ತು. ಜನಕ್ಕೆ ಗುಟ್ಟು ತಿಳಿಯಿತು. ಫಿಯೆಟ್ ಪಿಟ್ಟಿಗೆ ತಿರುಗಿದಾಗಲೆಲ್ಲ ಬೇಲಿಯುದ್ದಕ್ಕೂ "ವಾಯ್ದೆ! ವಾಯ್ದೆ!" ಎಂಬ ಕೂಗೇಳುತ್ತಿತ್ತು, ಹೊರಟಾಗ ಚಪ್ಪಾಳೆ. ಮುಂದೆ ಗೆಲ್ಲುತ್ತಿದ್ದವರ ಕಡೆ ಯಾರೂ ನೋಡುತ್ತಿರಲಿಲ್ಲ. ಬಾವಿಯಿಂದ ಬಯಲಿಗೆ ನೀರು ಹೊತ್ತು ನನ್ನ ಸೊಂಟ ಬಿದ್ದುಹೋಗಿತ್ತು, ಅದು ಗೊತ್ತಾದದ್ದು ಮರುದಿನ.

ಕೊನೆಯ ಬಾವುಟಕ್ಕೆ ಆಕರ್ಷ ಸಿದ್ಧನಾದಾಗ ಅವರು ದಾರಿಯ ಮೇಲಿದ್ದರು. ಕೊನೆಯ ತಿರುವನ್ನು ಹೊರಗಿನಿಂದ ಹಿಡಿದು ಒಳಮೂಲೆ ಸವರಿಕೊಂಡು ಬಂದರು, ಎಷ್ಟು ಚೆಂದ! ಗೆರೆಗೆ ಕೂಗಳತೆಯೂ ಇಲ್ಲದಷ್ಟು ಹತ್ತಿರದಲ್ಲಿ ಎಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು. ಗಾಡಿ ಉರುಳುತ್ತ ಬಂದು, ಗೆರೆಯ ಈಚೆಗೇ ನಿಂತಿತು. ಸೆಲ್ಫ್ ಹೊಡೆದರು; ಎಂಜಿನ್ ಹತ್ತಲಿಲ್ಲ. ಮತ್ತೆ ಹೊಡೆದರು; ಇಲ್ಲ. ಭೂತಪ್ಪನ ಕೈ ತಾನಾಗಿ ಗಾಡಿಯತ್ತ ಚಾಚಿತು. ಇಂಪನಾ ಅವನನ್ನು ತಬ್ಬಿ ಹಿಡಿದು, "ಮುಟ್ಬೇಡಿ ಅಣ್ಣ, ಮುಟ್ಬೇಡಿ!" ಎಂದು ಅತ್ತೇಬಿಟ್ಟಳು.

ಆಗ ಗೇರಿನ ಕೋಲು ಕಟಕ್ಕೆಂದಿತು. ಗಾಡಿಯನ್ನು ಮೊದಲನೇ ಗೇರಿಗೆ ಹಾಕಿ, ಕ್ಲಚ್ಚು ಮುಟ್ಟದೆ, ಬಸವರಾಜೇಶ್ವರಿಯವರು ಮತ್ತೆ ಸೆಲ್ಫ್ ಹೊಡೆದರು. ಕುರ್ರ್ ಎಂದು ಫಿಯೆಟ್ ಒಂದು ಮೊಳ ಮುಂದಕ್ಕೆ ಕುಪ್ಪಳಿಸಿತು! ಎಂಜಿನ್ ಸತ್ತಿತ್ತು, ಬ್ಯಾಟರಿ ಬದುಕಿತ್ತು; ಸೆಲ್ಫಿನ ಮೋಟರೇ ಚಕ್ರ ತಿರುಗಿಸುತ್ತಿತ್ತು. ಕುರ್ರ್, ಇನ್ನೊಂದು ಮೊಳ. ಜನ ಬೇಲಿ ಹಾರಿ ಬಂದರು. ಪ್ರತಿ ಕುಪ್ಪಳಿಕೆಯೂ ಹಿಂದಿನದಕ್ಕಿಂತ ಗಿಡ್ಡ, ಪ್ರತಿ ಕೂಗೂ ಹಿಂದಿನದಕ್ಕಿಂತ ದೊಡ್ಡದು. ಕೊನೆಯ ಗೇಣಿಗೆ ಬ್ಯಾಟರಿ ನರಳಿತು. ಮುಂದಿನ ಚಕ್ರ ಸುಣ್ಣದ ಗೆರೆಯ ಮೇಲೇರಿ, ಅಲ್ಲಿ ತೂಗಿ, ಆಚೆಗೆ ಇಳಿಯಿತು. ನಾನು ಕೊಡೆಯನ್ನು ಆಕಾಶಕ್ಕೆ ಎಸೆದೆ. ಅದು ಮತ್ತೆ ಸಿಗಲಿಲ್ಲ.

"ಇಂಜಿನ್ನೇ ಓಡ್ತಿರ್ಲಿಲ್ಲ, ಅದು ಹೆಂಗೆ ಮುಗ್ಸಿದ್ಹಂಗೆ?" ಎಂದು ಯಾರೋ ತಕರಾರು ತೆಗೆದರು. ಈಗ ವಾದ ಶುರುವಾಗುತ್ತದೆಂದು ನಾವು ಕಾದೆವು. ಆದರೆ ಅವರು ಸ್ಟೀರಿಂಗಿಗೆ ಹಣೆಯೊತ್ತಿ ಕೂತಿದ್ದರು, ಭುಜ ಅಲುಗುತ್ತಿತ್ತು. ಆಕರ್ಷನೇ ಬಾವುಟ ಬೀಸಿ ಹೇಳಿದ: "ಬ್ಯಾಟರಿ ಗಾಡಿದೇ ಅಲ್ವೇನ್ರಿ? ಬೇರೆ ಯಾರೂ ತಳ್ಳಲಿಲ್ವಲ್ಲ? ಮುಗೀತು!" ಮುಗಿಸಿದವರಲ್ಲಿ ನಮ್ಮದೇ ಕಟ್ಟಕಡೆಯ ಗಾಡಿ.

ಮಾರನೆಯ ಬೆಳಿಗ್ಗೆ ವಿನೋಬನಗರದಲ್ಲಿ ಮುರಳಿಯ ಟೆಂಪೊ ಬಂದು ನಿಂತಿತು. "ಮುಗಿಸಿದೀನಿ ಕಣಯ್ಯ, ನೀನೇ ನೋಡಿದೀಯ" ಎಂದರು ಬಸವರಾಜೇಶ್ವರಿಯವರು ಗೇಟಿನಲ್ಲಿ.

"ನೋಡಿದೀನಮ್ಮ, ಕೂಗಿ ಕೂಗಿ ಗಂಟಲೇ ಹೋಗಿದೆ. ಆದ್ರೂ ಕೇಳ್ಬೇಕಲ್ಲ. ಹೆಡ್ಡು ಬಾಗೋಗಿದ್ಯಂತೆ, ಇಂಜಿನ್ ಸತ್ತಿರೋ ಗಾಡಿ ಇಟ್ಕೊಂಡು ಏನ್ಮಾಡ್ತೀರಿ?"

"ನಿನ್ನ ಅಂಗಡಿ ಹಿಂದ್ಗಡೆ ಒಂದು ಫಿಯೆಟ್ ಬಿದ್ದಿದ್ಯಲ್ಲ, ನುಗ್ಗೆ ಮರದ ಕೆಳಗೆ. ಅದರ ಇಂಜಿನ್ ತಿರುಗತ್ತಾ?"

ಮುರಳಿ ನಗುತ್ತ ಟೆಂಪೊದ ಬೀಗದ ಕೈ ತೆಗೆದ. ಅಷ್ಟರಲ್ಲಿ ಅವರು ಕರಿಕೋಟು ತೊಟ್ಟುಕೊಂಡು ಟೆಂಪೊದ ಮುಂದಿನ ಸೀಟು ಹತ್ತಿ ಕೂತಾಗಿತ್ತು. ಕೋರ್ಟಿಗೆ ಇನ್ನೂ ಹೊತ್ತಿದೆ, ನಡಿ ಎಂದರು.

ಇಂಥವರನ್ನು ಲೋಕ ಹುಚ್ಚರು ಎನ್ನುತ್ತದೆ, ಹಠಮಾರಿಗಳು ಎನ್ನುತ್ತದೆ; ಎರಡೂ ಸುಳ್ಳಲ್ಲ. ಹಳೆಯದನ್ನು ಪ್ರೀತಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ, ಆದರೆ ಬಹುಪಾಲು ಜನ ಅದನ್ನು ಒರೆಸಿ, ಮುಸುಕು ಹೊದಿಸಿ, ನೆರಳಲ್ಲಿಟ್ಟು ಕೈಮುಗಿಯುತ್ತಾರೆ. ಇವರ ಪ್ರೀತಿಗೆ ಆ ನಾಜೂಕು ಗೊತ್ತಿಲ್ಲ. ಪ್ರೀತಿಸಿದ್ದನ್ನು ಬಿಸಿಲಿಗೆ ತಂದು, ಧೂಳಿನಲ್ಲಿ ಓಡಿಸಿ, ಮುರಿದು, ಅತ್ತು, ಮತ್ತೆ ಕಟ್ಟುತ್ತಾರೆ. ಗೆದ್ದವರು ಕಪ್ಪು ಹಿಡಿದು ಮನೆಗೆ ಹೋಗಿ ಮಲಗಿರುವಾಗ, ಕಟ್ಟಕಡೆಗೆ ಬಂದ ಇವರು ಬೆಳಿಗ್ಗೆ ಎದ್ದು ಇನ್ನೊಂದು ಎಂಜಿನ್ ಹುಡುಕಿಕೊಂಡು ಹೊರಟಿರುತ್ತಾರೆ. ಲೋಕದಲ್ಲಿ ಇನ್ನೂ ಓಡುತ್ತಿರುವ ಎಷ್ಟೋ ಸಂಗತಿಗಳು ಓಡುತ್ತಿರುವುದು ಇವರ ದೆಸೆಯಿಂದ.