ಧಾರವಾಡದ ಪುಡಿ, ಹುಬ್ಬಳ್ಳಿಯ ಹೊದಿಕೆ

ನಾನು ಒಂದು ಬ್ಯಾಟರಿ. ಅಂಗೈಯಷ್ಟು ಅಗಲ, ಬೆಳ್ಳಿ ಬಣ್ಣದ ತೆಳು ಹೊದಿಕೆ, ತಲೆಯ ಮೇಲೆ ಎರಡು ಲೋಹದ ಕಿವಿ. ನಿಮ್ಮ ಮೊಬೈಲಿನೊಳಗೆ ಕುಳಿತಿರುವುದು ಲಿಥಿಯಂ ಬ್ಯಾಟರಿ, ದೂರದೇಶದ ಶ್ರೀಮಂತ. ನಾನು ಸೋಡಿಯಂನವನು, ಅಡುಗೆ ಉಪ್ಪಿನ ಕುಲದವನು. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನನಗೆ ಎರಡು ತವರು. ನನ್ನೊಡಲಿನ ಕಪ್ಪು ಪುಡಿ ಹುಟ್ಟಿದ್ದು ಧಾರವಾಡದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ. ಶೇಂಗಾ ಸಿಪ್ಪೆಯನ್ನು ಗಾಳಿಯಾಡದ ಕುಲುಮೆಯಲ್ಲಿ ಸುಟ್ಟು ಅದನ್ನು ಮಾಡಿದವರು ನೀಲಾಂಬಿಕಾ ಹೆಬ್ಬಳ್ಳಿ ಎಂಬ ಪ್ರಾಧ್ಯಾಪಕಿ. ಅವರ ಯಂತ್ರಗಳಿಂದ ಅಂಗಿಯ ಗುಂಡಿಯಷ್ಟು ಬ್ಯಾಟರಿ ಮಾತ್ರ ಆಗುತ್ತಿತ್ತು. ಗುಂಡಿಯಿಂದ ಗಾಡಿ ಓಡುವುದಿಲ್ಲ. ಆದ್ದರಿಂದ ಪುಡಿಯನ್ನು ಡಬ್ಬಿಯಲ್ಲಿ ಬಿಗಿದುಕೊಂಡು ಅವರು ಹುಬ್ಬಳ್ಳಿಯ ಬಸ್ಸು ಹತ್ತಿದರು.

ಅಲ್ಲಿ ಸಂಗನಬಸಪ್ಪ ಕೋರಿಯವರ ಕಾರ್ಖಾನೆ ಇತ್ತು. ಲಾರಿಗಳಿಗೆ ಸೀಸದ ಬ್ಯಾಟರಿ ಮಾಡಿ ಬದುಕಿದ ಕಾರ್ಖಾನೆ. ಕಾಲ ಬದಲಾಗುತ್ತಿದೆ ಎಂಬ ಅಂಜಿಕೆಯಿಂದ ಕೋರಿಯವರು ಹೊಸ ಬಗೆಯ ಬ್ಯಾಟರಿ ಮಾಡುವ ಯಂತ್ರ ತರಿಸಿ, ಅದನ್ನು ತಮ್ಮ ಮುಖ್ಯ ಎಂಜಿನಿಯರ್ ಮಕ್ತುಂ ನದಾಫರಿಗೆ ಒಪ್ಪಿಸಿದ್ದರು.

ನೀಲಾಂಬಿಕಾ, ನದಾಫ್ ಇಬ್ಬರೂ ಕೂಡಿ ಕೆಲಸ ಮಾಡುವುದು ಯಾರಿಗೂ ಬೇಕಿರಲಿಲ್ಲ. "ಕಾರ್ಖಾನಿ ಮಂದಿ ನಿಮ್ಮ ಕೆಲಸ ನುಂಗಿ ನೀರು ಕುಡೀತಾರ" ಎಂದು ಕಾಲೇಜಿನ ವಿಭಾಗದ ಮುಖ್ಯಸ್ಥರು ನೀಲಾಂಬಿಕಾ ಅವರನ್ನು ಹೆದರಿಸಿದ್ದರು. "ಕಾಲೇಜಿನವ್ರು ಪೇಪರ್ ಬರೀತಾರ, ಬ್ಯಾಟರಿ ಮಾಡೂದಿಲ್ಲ" ಎಂದು ಕಾರ್ಖಾನೆಯವರು ನದಾಫರನ್ನು ನೋಡಿ ನಕ್ಕಿದ್ದರು. ಇಬ್ಬರೂ ಕಿವಿಗೊಡಲಿಲ್ಲ. ಆ ಹಟದಿಂದ ನಾನು ಹುಟ್ಟಿದೆ. ಧಾರವಾಡದ ಪುಡಿಯನ್ನು ಹುಬ್ಬಳ್ಳಿಯ ಯಂತ್ರ ಹಾಳೆಗೆ ಬಳಿಯಿತು; ಹಾಳೆಗಳನ್ನು ಪೇರಿಸಿ ಹೊದಿಕೆಯೊಳಗಿಟ್ಟು ಬಾಯಿ ಮುಚ್ಚಿದರು. ಮೊದಲ ಸಲ ವಿದ್ಯುತ್ತು ಒಳಗೆ ಹರಿದಾಗ ಮೈಯೆಲ್ಲ ಜುಮ್ಮೆಂದಿತು. ನನ್ನ ಬಲದಿಂದ ಒಂದು ಪುಟ್ಟ ಫ್ಯಾನು ತಿರುಗಿತು. ನೀಲಾಂಬಿಕಾ ಅದರ ಮುಂದೆ ಮುಖ ಒಡ್ಡಿ ಕಣ್ಣು ಮುಚ್ಚಿಕೊಂಡರು.

ಆಮೇಲೆ ನನ್ನನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟರು. ಬೇಸಿಗೆಯ ರಸ್ತೆಯ ಕಾವನ್ನು ತಡೆಯಬಲ್ಲೆನೇ ಎಂಬ ಪರೀಕ್ಷೆ. ತಡೆಯಬೇಕೆಂದು ನಾನು ಪಟ್ಟು ಹಿಡಿದಿದ್ದೆ. ಆದರೆ ಒಳಗೆಲ್ಲೋ ಗಾಳಿ ಹುಟ್ಟತೊಡಗಿತು. ಹೊಟ್ಟೆ ಉಬ್ಬಿತು.

"ಮೇಡಂ, ನಿಮ್ಮ ಪುಡಿ ಕೈ ಕೊಡ್ತು" ಎಂದರು ನದಾಫ್.

"ನನ್ನ ಪುಡಿಗೆ ಏನಾಗೇತ್ರಿ? ನಮ್ಮ ಲ್ಯಾಬಿನ್ಯಾಗ ಛಲೋ ನಡದೈತಿ. ನಿಮ್ಮ ಮಷೀನ್ ಕೆಡಿಸೇತಿ."

"ಲ್ಯಾಬಿನ್ಯಾಗ ನಡದದ್ದು ರಸ್ತಾದಾಗ ನಡೀಬೇಕಲ್ಲರಿ?"

ಫ್ಯಾನು ತಿರುಗಿದಾಗ ನಾನು ಇಬ್ಬರ ಕೂಸೂ ಆಗಿದ್ದೆ. ಉಬ್ಬಿದ ಮೇಲೆ ಯಾರ ಕೂಸೂ ಅಲ್ಲ.

ಅಷ್ಟರಲ್ಲಿ ಕೋರಿಯವರು ಬಂದರು. ಬೆಳಗಾವಿಯಲ್ಲಿ ವಿದ್ಯುತ್ ತ್ರಿಚಕ್ರ ಗಾಡಿ ಮಾಡುವ ವಿಜಯಮಾಲಾ ಚೌಗುಲೆ ಎಂಬವರು ಮರುದಿನ ನನ್ನನ್ನು ನೋಡಲು ಬರುವವರಿದ್ದರು.

"ಈ ಉಬ್ಬಿದ್ದನ್ನ ತೋರಿಸಿದ್ರ ನಮ್ಮ ಕಥಿ ಮುಗೀತು. ಹೊರಗಿಂದ ತರಿಸಿದ ಲಿಥಿಯಂ ಬ್ಯಾಟರಿ ಐತಲ್ಲ, ಅದಕ್ಕ ಇದರ ಚೀಟಿ ಅಂಟಸ್ರಿ. ಯಾರಿಗೆ ಗೊತ್ತಾಗತೈತಿ?"

ಜಗಳವಾಡುತ್ತಿದ್ದ ಇಬ್ಬರೂ ಒಟ್ಟಿಗೆ ಕೋರಿಯವರತ್ತ ತಿರುಗಿದರು.

"ನಾ ಅಂಟಸೂದಿಲ್ಲರಿ" ಎಂದರು ನದಾಫ್. "ಆ ಚೀಟಿ ಮ್ಯಾಲೆ ಮೇಡಂ ಹೆಸರೈತಿ."

"ಅವರ ಹೆಸರೂ ಐತಿ" ಎಂದರು ನೀಲಾಂಬಿಕಾ. "ಸುಳ್ಳು ತೋರಿಸಾಕ ನಾನೂ ಒಪ್ಪೂದಿಲ್ಲ."

"ಹಂಗಾರ ಇಬ್ಬರೂ ಕೂಡೇ ಮುಳುಗ್ರಿ!" ಎಂದು ಕೋರಿಯವರು ಬಾಗಿಲು ಬಡಿದು ಹೋದರು.

ಮರುದಿನ ಮೇಜಿನ ಮೇಲೆ ನಾನೇ ಇದ್ದೆ, ಉಬ್ಬಿದ ಹೊಟ್ಟೆಯೊಂದಿಗೆ. ಚೌಗುಲೆಯವರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಇದ್ಯಾಕ ಪೂರಿ ಹಂಗ ಉಬ್ಬೇತಿ?"

"ಕಾರಣ ಇನ್ನೂ ಗೊತ್ತಾಗಿಲ್ಲರಿ. ಹುಡುಕಾಕ ಹತ್ತೀವಿ" ಎಂದರು ನೀಲಾಂಬಿಕಾ.

"ಸಿಕ್ಕ ಮ್ಯಾಲೆ ಕರೀರಿ" ಎಂದು ಆಕೆ ಎದ್ದು ಹೋದರು. ಅದೇ ಸಂಜೆ ಕೋರಿಯವರು ಹೊಸ ಯಂತ್ರವನ್ನು ನಿಲ್ಲಿಸಿ ಅದಕ್ಕೆ ಹೊದಿಕೆ ಹಾಕಿಸಿದರು.

ನದಾಫ್ ಸೋಲಲಿಲ್ಲ. ನನ್ನಲ್ಲಿ ಉಳಿದಿದ್ದ ವಿದ್ಯುತ್ತನ್ನೆಲ್ಲ ಹೊರತೆಗೆದು, ಮರಳು ತುಂಬಿದ ಡಬ್ಬಿಯಲ್ಲಿ ಮಲಗಿಸಿ, ತಮ್ಮ ಕಾರಿನಲ್ಲಿ ಧಾರವಾಡಕ್ಕೆ ಒಯ್ದರು. ಪ್ರಯೋಗಾಲಯದ ಗಾಜಿನ ಪೆಟ್ಟಿಗೆಯೊಳಗೆ ಇಬ್ಬರೂ ಸೇರಿ ನನ್ನನ್ನು ಕೊಯ್ದರು. ನೋಯಲಿಲ್ಲ ಎಂದರೆ ಸುಳ್ಳಾದೀತು. ಆದರೆ ನನ್ನೊಳಗೇನಿದೆ ಎಂದು ತಿಳಿಯುವ ಆಸೆ ಅವರಿಗಿಂತ ನನಗೇ ಹೆಚ್ಚಾಗಿತ್ತು. ಹಾಳೆಗಳ ಮೇಲೆ ಬಿಳಿ ಬಿಳಿ ಕಲೆಗಳಿದ್ದವು. ಅದು ನೀರಿನ ಕೆಲಸ. ಹಾಳೆಗೆ ಬಳಿಯುವಾಗ ಪುಡಿಯಲ್ಲಿ ಅವಿತ ತೇವ ಕಾವಿಗೆ ಗಾಳಿಯಾಗಿತ್ತು.

"ಬಳಿದ ಮ್ಯಾಲೆ ಹಾಳಿ ಮತ್ತ ಒಣಗಿಸಿದ್ರಿಲ್ಲೋ?" ಎಂದು ನೀಲಾಂಬಿಕಾ ಕೇಳಿದರು.

"ನಾವ್ಯಾಕ ಒಣಗಸೋಣ? ನೀವು ಪುಡಿ ಒಣಗಿಸೇ ಕಳಿಸಿದ್ರಲ್ಲ."

"ಅಯ್ಯ, ನಾವು ಇಲ್ಲಿ ಎರಡೆರಡು ಸಲ ಒಣಗಸ್ತೀವಿ. ನಿಮಗ ಗೊತ್ತಿರ್ತೈತಿ ಅಂದ್ಕೊಂಡೆ."

ನದಾಫ್ ತಲೆ ಚಚ್ಚಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಪುಡಿಯೂ ಸರಿಯಿತ್ತು, ಯಂತ್ರವೂ ಸರಿಯಿತ್ತು. ಒಬ್ಬರನ್ನೊಬ್ಬರು ಕೇಳದೆ ಬಿಟ್ಟ ಒಂದು ಮಾತು ನನ್ನ ಹೊಟ್ಟೆ ಉಬ್ಬಿಸಿತ್ತು.

ಕಾರಣ ಸಿಕ್ಕರೂ ದಾರಿ ಸುಲಭವಾಗಲಿಲ್ಲ. ಕಾಲೇಜಿನ ಒಣಗಿಸುವ ಕುಲುಮೆಯನ್ನು ಕಾರ್ಖಾನೆಗೆ ಒಯ್ಯಬೇಕೆಂದಾಗ ಮುಖ್ಯಸ್ಥರು, "ಕಾಲೇಜಿನ ಸಾಮಾನು ಗೇಟು ದಾಟೂದಿಲ್ಲ" ಎಂದರು.

"ದಾಟದಿದ್ರ ನಾನು ದಾಟತೇನಿ. ತಿರುಗಿ ಬರೂದಿಲ್ಲ" ಎಂದರು ನೀಲಾಂಬಿಕಾ.

ಕುಲುಮೆ ದಾಟಿತು. ಅತ್ತ ನದಾಫ್ ಕೋರಿಯವರ ಮುಂದೆ ನನ್ನ ಕೊಯ್ದ ಹಾಳೆಗಳಲ್ಲಿ ಕೆಲವನ್ನು ಹರವಿ, ಆ ಬಿಳಿ ಕಲೆಗಳನ್ನು ತೋರಿಸಿದರು. ಕೋರಿಯವರು ಬಹಳ ಹೊತ್ತು ಗೊಣಗಿ, ಕೊನೆಗೆ ಯಂತ್ರದ ಹೊದಿಕೆ ತೆಗೆಸಿದರು. ಈ ಸಲ ಬಳಿದ ಹಾಳೆಗಳನ್ನು ಮತ್ತೆ ಒಣಗಿಸಿದರು; ನನ್ನ ತಮ್ಮಂದಿರು ಹುಟ್ಟಿದರು. ಬಿಸಿ ಪೆಟ್ಟಿಗೆಯಲ್ಲಿ ಒಬ್ಬನೂ ಉಬ್ಬಲಿಲ್ಲ. ಚೌಗುಲೆಯವರನ್ನು ಕರೆದರು, ಬಂದರು. ತಮ್ಮಂದಿರನ್ನು ಹೊತ್ತ ಅವರ ಗಾಡಿ, ಉಳ್ಳಾಗಡ್ಡಿ ಚೀಲ ಹೇರಿಕೊಂಡು, ಏಪ್ರಿಲ್ ಬಿಸಿಲಿನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ನಿಲ್ಲದೆ ಹತ್ತಿತಂತೆ. ನಾನು ನೋಡಲಿಲ್ಲ. ನದಾಫ್ ಫೋನಿನಲ್ಲಿ ಕೂಗಿ ಹೇಳಿದ್ದು ಇಡೀ ಪ್ರಯೋಗಾಲಯಕ್ಕೆ ಕೇಳಿಸಿತು.

ಈಗ ನಾನು ಧಾರವಾಡದಲ್ಲಿ, ಗಾಜಿನ ತಟ್ಟೆಯೊಂದರಲ್ಲಿ, ಬಿಚ್ಚಿದ ಹಾಳೆಗಳಾಗಿ ಬಿದ್ದಿದ್ದೇನೆ. ನನ್ನನ್ನು "ಫೇಲಾದದ್ದು" ಎಂದು ಕರೆಯುವವರಿದ್ದಾರೆ. ಕರೆಯಲಿ. ಸುಳ್ಳು ಚೀಟಿಯ ಹಿಂದೆ ಅಡಗದೆ ಮೇಜಿನ ಮೇಲೆ ಕುಳಿತವನು ನಾನು. ನನ್ನ ಸೋಲನ್ನು ಮುಚ್ಚಿಟ್ಟಿದ್ದರೆ ಆ ಬೆಟ್ಟವನ್ನು ಯಾರೂ ಹತ್ತುತ್ತಿರಲಿಲ್ಲ.

ಮೊನ್ನೆ ಬೇರೊಂದು ಕಂಪನಿಯವರೂ ಬೇರೊಂದು ಕಾಲೇಜಿನವರೂ ಕೆಟ್ಟ ಬ್ಯಾಟರಿಯೊಂದನ್ನು ಹಿಡಿದು ಇಲ್ಲಿಗೆ ಬಂದರು. ಬಾಗಿಲಲ್ಲೇ ಶುರುವಾಯಿತು, "ನಿಮ್ಮದು ತಪ್ಪು, ನಿಮ್ಮದು ತಪ್ಪು." ನೀಲಾಂಬಿಕಾ ನನ್ನ ತಟ್ಟೆಯನ್ನು ಎತ್ತಿ ಅವರ ನಡುವೆ ಇಟ್ಟರು.

"ಮೊದಲ ಇದನ್ನ ನೋಡ್ರಿ" ಎಂದರು. "ಆಮ್ಯಾಲೆ ಬೇಕಾದ್ರ ಜಗಳಾ ಮಾಡ್ರಿ."

ಅವರು ಬಿಳಿ ಕಲೆಗಳನ್ನು ನೋಡಲು ಬಗ್ಗಿದರು. ನಾನು ತಲೆ ಬಗ್ಗಿಸಲಿಲ್ಲ.